ಮಾಡದ ಪಾಪಗಳ ಸಾಕ್ಷಿ

ನಮ್ಮ ಸಭೆಯಲ್ಲಿ ಪಾಪಿಗಳಿಗೇನೂ ಬರವಿಲ್ಲ. ಆದರೆ ಮೈಕಿನ ಮುಂದೆ ನಿಂತು ಸುತ್ತಲಿನ ತಾಲ್ಲೂಕುಗಳ ಜನರನ್ನೆಲ್ಲ ಅಳಿಸಬಲ್ಲ ಪಾಪಿ ಅಂತ ಇದ್ದವರು ಒಬ್ಬರೇ. ಹೋದ ತಿಂಗಳು ಅವರೂ ತೀರಿಕೊಂಡರು. ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣದ ಹಿಂದೆ, ಒಂದು ಕಾಲಕ್ಕೆ ಶೇಂಗಾ ಗೋದಾಮಾಗಿದ್ದ ನಮ್ಮ ತಗಡಿನ ಪ್ರಾರ್ಥನಾಲಯದಲ್ಲಿ ಅವರ ಪೆಟ್ಟಿಗೆ ಇಟ್ಟಿದ್ದರು. ಹಿಂದೆ ಒಂದು ಫ್ಲೆಕ್ಸ್ ಕಟ್ಟಿತ್ತು. ‘ಕುಡುಕನಾಗಿದ್ದ, ಜೂಜುಕೋರನಾಗಿದ್ದ, ಹೆಂಡತಿಯನ್ನು ಬಡಿಯುವವನಾಗಿದ್ದ, ಕೃಪೆ ಅವನನ್ನು ಹುಡುಕಿತು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಮೂರು ಬಿರುದುಗಳಲ್ಲಿ ಒಂದೂ ನಿಜವಲ್ಲ. ಮೂರನ್ನೂ ಅವರು ಸುಳ್ಳು ಹೇಳಿ, ಬೆವರು ಸುರಿಸಿ ಸಂಪಾದಿಸಿದ್ದರು.

ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನಾನು ಕನ್ನಡ ಶಾಲೆಯ ಟೀಚರು, ಸಭೆಯ ಹಾಡಿನ ತಂಡದವಳು. ಅವರು ದನದ ದವಾಖಾನೆಯ ಕಂಪೌಂಡರು. ಬಿಳಿ ತುಂಬುತೋಳಿನ ಅಂಗಿ, ಮೈತುಂಬ ಟಿಂಚರ್ ವಾಸನೆ, ಯಾರಾದರೂ ಎದುರಿಗೆ ಬಂದರೆ ತಾವೇ ಪಕ್ಕಕ್ಕೆ ಸರಿದು ನಿಲ್ಲುವ ಅಭ್ಯಾಸ. ಎಮ್ಮೆಗೆ ಸೂಜಿ ಚುಚ್ಚುವ ಮೊದಲು ಅದರ ಕಿವಿ ಸವರಿ, “ತಪ್ಪಾತವ್ವಾ, ಒಂದು ಘಳಿಗಿ ತಡಕೋ” ಎಂದು ಕ್ಷಮೆ ಕೇಳುತ್ತಿದ್ದರು. ಎಮ್ಮೆಗಳು ತಡೆದುಕೊಳ್ಳುತ್ತಿದ್ದವು. ಎಮ್ಮೆಯ ಯಜಮಾನರೇ ತಡೆಯಲಾರದೆ, “ಲಗೂ ಚುಚ್ರೀ, ಬಸ್ಸಿಗೆ ಹೊತ್ತಾತು” ಎಂದು ಗದರುತ್ತಿದ್ದರು. ಗದರಿದವರ ಕ್ಷಮೆಯನ್ನೂ ಕೇಳಿಯೇ ಅವರು ಸೂಜಿ ಎತ್ತುತ್ತಿದ್ದದ್ದು.

ಇಂಥವರು ಪಾಪಿಯಾದ ಕಥೆ ಹೇಳಬೇಕೆಂದರೆ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು. ಹಾಡು ಮುಗಿದು ಪಾಸ್ಟರ ಪ್ರಸಂಗ ಶುರುವಾಗುವ ಮೊದಲು ಯಾರಾದರೊಬ್ಬರು ಎದ್ದು ‘ಸಾಕ್ಷಿ’ ಹೇಳಬೇಕು. ತಾನು ಮೊದಲು ಎಷ್ಟು ಕೆಟ್ಟಿದ್ದೆ, ದೇವರು ಹೇಗೆ ಕ್ಷಮಿಸಿ ಎತ್ತಿದ ಎನ್ನುವುದು ಅದರ ಹೂರಣ. ಕೇಳುವವರು ನಡುನಡುವೆ ‘ಸ್ತೋತ್ರ!’ ಎನ್ನಬೇಕು. ಬಿದ್ದ ಬಾವಿ ಎಷ್ಟು ಆಳವೋ ಸ್ತೋತ್ರ ಅಷ್ಟು ಜೋರು. ಇದು ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಚಪ್ಪರ ಹಾಕಿ ಕೂಟ ಮಾಡುವವರಿಗೆಲ್ಲ ಗೊತ್ತು. ಹಾಗಾಗಿ ಒಳ್ಳೆಯ ಪಾಪಿಗಳಿಗೆ ಯಾವಾಗಲೂ ಬೇಡಿಕೆ.

ಒಮ್ಮೆ ಹೊರಗಿನಿಂದ ಒಬ್ಬ ಮಾಜಿ ದರೋಡೆಕೋರ ನಮ್ಮಲ್ಲಿಗೆ ಬಂದು ಸಾಕ್ಷಿ ಹೇಳಿದ. ಜೈಲು, ಲಾಠಿ, ಗೋಡೆ ಹಾರಿದ್ದು, ಕೊನೆಗೆ ಕತ್ತಲ ಕೋಣೆಯಲ್ಲಿ ಬೆಳಕು ಕಂಡದ್ದು. ಹೆಂಗಸರ ಚಾಪೆಯ ಮೇಲೆ ಸೆರಗೆಲ್ಲ ಒದ್ದೆ. ಅವನು ಕೂತ ಮೇಲೆ ಪಾಸ್ಟರು ನಮ್ಮ ಕಂಪೌಂಡರ ಕಡೆ ಕೈ ಮಾಡಿದರು. ಅವರು ಎದ್ದು, “ನಾನು ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿದೆ. ಓದಿದೆ. ನೌಕರಿ ಸಿಕ್ಕಿತು. ದೇವರು ಚೆನ್ನಾಗಿ ನಡೆಸಿದ್ದಾನೆ” ಎಂದು ಬಾಯೊರೆಸಿಕೊಂಡರು. ಒಬ್ಬರೂ ಸ್ತೋತ್ರ ಅನ್ನಲಿಲ್ಲ. ಹಿಂದೆ ಯಾರೋ ಆಕಳಿಸಿದ್ದು ತಗಡಿಗೆ ಬಡಿದು ವಾಪಸು ಬಂತು. ಅಡುಗೆಯವರು ಊಟದ ಚಾಪೆ ಹಾಸಲು ಶುರು ಮಾಡಿದರು.

ಮರುದಿನ ಗೋಡೆಯ ಆಚೆಯಿಂದ ನನ್ನನ್ನು ಕರೆದರು.

“ಟೀಚರ್, ಒಂದು ಕೇಳ್ತೀನಿ. ಕೆಸರಾಗ ಬಿದ್ದವರನ್ನ ದೇವರು ಕೈ ಹಿಡದು ಎತ್ತತಾನ. ದಂಡಿ ಮ್ಯಾಲೆ ಸುಮ್ನ ನಿಂತವನಿಗೆ ಆತ ಏನು ಮಾಡಿದ ಅಂತ ಹೇಳೋದು?”

“ಬೀಳಲಾರದಂಗ ಹಿಡ್ಕೊಂಡಾನಲ್ರೀ, ಅದನ್ನ ಹೇಳ್ರಿ.”

“ಅದಕ್ಕ ಯಾರೂ ಅಳಂಗಿಲ್ಲ” ಎಂದರು. ಅವರ ಮುಖ ನಿಜಕ್ಕೂ ಬಾಡಿತ್ತು. ದೇವರ ಪಂಕ್ತಿಯಲ್ಲಿ ತಮ್ಮ ಎಲೆಗೆ ಮಾತ್ರ ಏನೂ ಬಡಿಸಲಿಲ್ಲವೇನೋ ಎಂಬಂತೆ ನಿಂತಿದ್ದರು. ನನಗೆ ಪಾಪ ಅನ್ನಿಸಿತು, ನಗುವೂ ಬಂತು.

ಮುಂದಿನ ಸಾಕ್ಷಿಯಲ್ಲಿ ಒಂದು ಬೀಡಿ ಕಾಣಿಸಿಕೊಂಡಿತು. ಹುಡುಗನಿದ್ದಾಗ ಕದ್ದು ಸೇದಿದ ಬೀಡಿ. ಅದಕ್ಕೆ ಎರಡು ಮೂಲೆಗಳಿಂದ ಸ್ತೋತ್ರ ಬಿತ್ತು. ಅಲ್ಲಿಗೆ ರುಚಿ ಹತ್ತಿತು ನೋಡಿ. ಕೂಡ್ಲಿಗಿಯ ಕೂಟಕ್ಕೆ ಹೋದಾಗ ಬೀಡಿಯ ಜೊತೆ ಬ್ರಾಂದಿ ಸೇರಿತು. ಆದರೆ ಬ್ರಾಂದಿಯ ಮುಖವನ್ನೇ ಕಾಣದ ಮನುಷ್ಯ. ದನಕ್ಕೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸಿ ಗೊತ್ತೇ ಹೊರತು ಬೇರೆ ಗೊತ್ತಿಲ್ಲ. “ದಿನಾ ಸಂಜೆ ಬ್ರಾಂದಿಯನ್ನು ಬಿಸಿ ಮಾಡಿಸಿಕೊಂಡು, ಬೆಲ್ಲ ಹಾಕಿ, ಗಟಗಟ ಕುಡಿಯುತ್ತಿದ್ದೆ” ಎಂದುಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಆಟೋ ಡ್ರೈವರು, ಅದೇ ಹೊಸದಾಗಿ ಕುಡಿತ ಬಿಟ್ಟು ಸಭೆಗೆ ಸೇರಿದವನು, ಕೂಟ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದ.

“ಅಣ್ಣಾ, ಬೆಲ್ಲ ಹಾಕಿ ಕುಡಿಯಾಕ ಅದೇನು ಶುಂಠಿ ಕಷಾಯ ಏನು? ಇನ್ನೊಮ್ಮೆ ಹೇಳೋ ಮುಂದ ನನ್ನ ಕೇಳು. ನಾನು ಅದರಾಗ ಹಣ್ಣಾಗೀನಿ.”

ಕೇಳಿದರು. ಹಠಕ್ಕೆ ಬಿದ್ದ ವಿದ್ಯಾರ್ಥಿಯಂತೆ ಕೇಳಿ ತಿಳಿದುಕೊಂಡರು. ಕೊಟ್ಟೂರಿನಲ್ಲಿ ಇಸ್ಪೀಟು ಬಂತು, ಹರಪನಹಳ್ಳಿಯಲ್ಲಿ ಒಂದು ಚಾಕು ಬಂತು. ಆ ಚಾಕುವಿನಿಂದ ಯಾರಿಗೂ ಏನೂ ಆಗಲಿಲ್ಲ, ಅದು ಸುಮ್ಮನೆ ಸೊಂಟದಲ್ಲಿ ಇರುತ್ತಿತ್ತು. ಹಾಡಿನ ತಂಡದವರಾದ ನಾವು ಅದೇ ಕ್ರೂಸರ್ ಗಾಡಿಯಲ್ಲಿ ಅವರ ಜೊತೆ ಹೋಗುತ್ತಿದ್ದೆವು. ಈ ಸಲ ಯಾವ ಪಾಪ ಹೊರಗೆ ಬರುತ್ತದೋ ಎಂದು ದಾರಿಯಲ್ಲಿ ಪಣ ಕಟ್ಟುವಷ್ಟಾಯಿತು. ಹಡಗಲಿಯ ಸಭೆಯವರು ಒಮ್ಮೆ ಮುನಿಸಿಕೊಂಡದ್ದೂ ಉಂಟು. “ನಮಗ ಬರೇ ಇಸ್ಪೀಟು, ಹರಪನಹಳ್ಳಿಯವರಿಗೆ ಚಾಕು. ಇದ್ಯಾವ ನ್ಯಾಯ್ರೀ?” ಎಂದು ಅವರ ಹಿರಿಯರು ಫೋನು ಮಾಡಿದ್ದರು. ಮೈಕು ಕೈಗೆ ಬಂದೊಡನೆ ಅವರು ಸಿರಿಂಜಿನ ಗಾಳಿ ತೆಗೆಯುವಂತೆ ಉಗುರಿನಿಂದ ಟಕಟಕ ಬಡಿಯುತ್ತಿದ್ದರು. ಆ ಸದ್ದಿಗೇ ಜನ ನೆಟ್ಟಗೆ ಕೂರುತ್ತಿದ್ದರು. ‘ಸಾಕ್ಷಿಯಣ್ಣ’ ಎಂಬ ಹೆಸರು ಬಿದ್ದು, ಸ್ವಂತ ಹೆಸರು ದವಾಖಾನೆಯ ಹಾಜರಿಗಷ್ಟೇ ಉಳಿಯಿತು.

ಎದುರು ಮನೆಯ ಶೇಂಗಾ ವ್ಯಾಪಾರಿ ಸ್ವಾಮೇರು ಶಿವಭಕ್ತರು. ಸಾಕ್ಷಿಯಣ್ಣನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರು. ಯಾರೋ ಮೊಬೈಲಿನಲ್ಲಿ ಅವರಿಗೆ ಒಂದು ಸಾಕ್ಷಿಯ ವಿಡಿಯೊ ತೋರಿಸಿದರು. ಪೂರ್ತಿ ನೋಡಿ ನನ್ನನ್ನು ಕೇಳಿದರು: “ಟೀಚರ್, ಈ ಮನುಷ್ಯಾ ಒಂದು ಕಪ್ ಚಾ ಜಾಸ್ತಿ ಕುಡದ್ರ ಮೈ ಬೆಚ್ಚಗಾತು ಅಂತಿದ್ದ. ಇಷ್ಟೆಲ್ಲ ಯಾವಾಗ ಮಾಡಿದ? ಮಾಡಲಾರದ್ದಕ್ಕ ಇಷ್ಟು ಮಾಫಿ ಸಿಗತೈತಿ ಅಂದ್ರ, ಮಾಡಿದ ನಮ್ಮಂಥವರ ಗತಿ ಏನ್ರಿ?” ಪಾಸ್ಟರನ್ನು ಕೇಳಿ ಎಂದೆ.

ಇಲ್ಲಿಯತನಕ ಇದೆಲ್ಲ ನಗುವ ಮಾತು. ಯಾರ ಗಂಟೂ ಹೋಗಿರಲಿಲ್ಲ. ಹೋದದ್ದು ಅವರ ಹೆಂಡತಿ ರೂತಮ್ಮನದು.

ರೂತಕ್ಕ ಎತ್ತರದ ಹೆಂಗಸು. ಮನೆಯಲ್ಲೇ ಮಷಿನ್ ಇಟ್ಟುಕೊಂಡು ಓಣಿಯ ಕುಪ್ಪಸಗಳನ್ನೆಲ್ಲ ಹೊಲಿದವಳು. ಮಾತು ಕಡಿಮೆ, ಆಡಿದರೆ ಕತ್ತರಿ. ಬೀಡಿ, ಬ್ರಾಂದಿ, ಇಸ್ಪೀಟುಗಳನ್ನು ಅವಳು ಗಂಡನ ಸಣ್ಣ ಚಟವೆಂದು ಬಿಟ್ಟಿದ್ದಳು. “ಬ್ಯಾರೆ ಗಂಡಸರು ಕುಡದು ಬಂದು ಇಲ್ಲ ಅಂತಾರ, ಇವರು ಕುಡಿಲಾರದ ಹೌದು ಅಂತಾರ. ಇರ್ಲಿ ಬಿಡ್ರಿ” ಎನ್ನುತ್ತಿದ್ದಳು.

ನಮ್ಮೂರಿನದೇ ವಾರ್ಷಿಕ ಕೂಟ. ಹೊಸ ಪಾಪ ಬೇಕಾಗಿತ್ತು. ಹಳೆಯವೆಲ್ಲ ಊರಿಗೆ ಬಾಯಿಪಾಠವಾಗಿದ್ದವು. ಸಾಕ್ಷಿಯಣ್ಣ ಮೈಕು ಬಡಿದು, ಬಲಗೈ ಮೇಲೆತ್ತಿ, “ಇದೇ ಕೈ! ಇದೇ ಕೈಯಿಂದ ನನ್ನ ಹೆಂಡತಿಯನ್ನು ಬಡಿಯುತ್ತಿದ್ದೆ. ಅವಳು ಮೂಲೆಯಲ್ಲಿ ಕೂತು ಅಳುತ್ತಿದ್ದಳು” ಎಂದರು. ಸ್ತೋತ್ರದ ಅಬ್ಬರಕ್ಕೆ ತಗಡು ನಡುಗಿತು. ಹೆಂಗಸರ ಚಾಪೆಯಲ್ಲಿ ಎಲ್ಲರೂ ನನ್ನ ಪಕ್ಕದಲ್ಲಿ ಕೂತಿದ್ದ ರೂತಕ್ಕನ ಕಡೆ ತಿರುಗಿದರು. ಒಬ್ಬ ಮುದುಕಿ ಹತ್ತಿರ ಸರಿದು, ಅವಳ ಕೆನ್ನೆ ಸವರಿ, ಹಳೇ ಗಾಯದ ಗುರುತು ಹುಡುಕಿದಳು. ರೂತಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು ಅಷ್ಟೇ. ಅವಳು ಹಾಗೆ ಮುಖ ಮುಚ್ಚಿಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಇಟ್ಟು ನನಗೆ ಹೇಳಿದಳು: “ಹೊಡಿಯಂಗಿಲ್ಲ ಅನ್ನೋದೊಂದ ಇತ್ತು ನೋಡ್ರಿ ಈ ಮನುಷ್ಯಾನ ಹತ್ರ. ನಮ್ಮ ಅಪ್ಪ ಹೊಡೀತಿದ್ದ, ನಮ್ಮ ಅಣ್ಣ ಹೊಡೀತಾನ. ನನ್ನ ಗಂಡ ಮುಟ್ಟಿಲ್ಲ ಅಂತ ನಾನು ಓಣ್ಯಾಗ ತಲಿ ಎತ್ತಿ ಅಡ್ಡಾಡಿದಾಕಿ. ಅದನ್ನೂ ಒಯ್ದು ಮೈಕಿನಾಗ ಹಾಕಿದ್ರು. ಈಗ ನಾನು ಬಡಿಸಿಕೊಂಡಾಕಿ.”

“ಜಗಳಾಡಬೇಕಿತ್ತಲ್ಲ?”

“ಆಡಿದೆ. ತಪ್ಪಾತು ಅಂದ್ರು. ಮಂದಿ ಮುಂದ ಹೇಳ್ರಿ ಅಂದೆ. ಸುಮ್ನಾದ್ರು.”

ಸುಮ್ಮನಾಗದೆ ಏನು ಮಾಡಿಯಾರು? ಆ ಪಾಪಕ್ಕೆ ಎಂದೂ ಇಲ್ಲದ ಬೆಲೆ ಬಂದಿತ್ತು. ಕರೆಯುವವರು ಈಗ ಒಂದು ಷರತ್ತು ಹಾಕತೊಡಗಿದರು: ಅಕ್ಕನವರನ್ನೂ ಕರೆತರಬೇಕು, ಸಾಕ್ಷಿ ಮುಗಿದ ಮೇಲೆ ಅವರು ವೇದಿಕೆ ಹತ್ತಿ ಪಕ್ಕದಲ್ಲಿ ನಿಲ್ಲಬೇಕು. ದರೋಡೆಕೋರನಾದರೆ ಲಾಠಿ ಏಟಿನ ಗುರುತು ತೋರಿಸಬಹುದು, ಇವರಿಗೆ ತೋರಿಸಲು ಹೆಂಡತಿಯೊಬ್ಬಳೇ. ರೂತಕ್ಕ ಒಂದಕ್ಕೂ ಒಪ್ಪಲಿಲ್ಲ. ಒಪ್ಪಿದ್ದು ಹಡಗಲಿಯದಕ್ಕೆ ಮಾತ್ರ. ಹರಪನಹಳ್ಳಿಗಿಂತ ದೊಡ್ಡದು ಮಾಡುತ್ತೇವೆಂದು ಪಣ ತೊಟ್ಟಿದ್ದ ಆ ಸಭೆಯವರು ಗಂಡ ಹೆಂಡಿರಿಬ್ಬರ ಫೋಟೋ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಬಿಟ್ಟಿದ್ದರು.

ಹಡಗಲಿಯ ಕೂಟದ ದಿನ ಬೆಳಿಗ್ಗೆ, ಗಾಡಿ ಬಾಗಿಲಿಗೆ ಬಂದು ನಿಂತಾಗ, ಕೊಟ್ಟೂರಿನಿಂದ ಅವಳ ಅಣ್ಣನ ಫೋನು ಬಂತು. ಅವ್ವನಿಗೆ ಉಸಿರು ಸಿಗುತ್ತಿಲ್ಲ, ಮಗಳ ಹೆಸರು ಹಿಡಿದು ಕರೆಯುತ್ತಿದ್ದಾಳೆ, ತಕ್ಷಣ ಬಾ ಎಂದು. ನಮ್ಮೂರಿನಿಂದ ಕೊಟ್ಟೂರಿಗೆ ಒಂದು ದಾರಿ, ಹಡಗಲಿಗೆ ಇನ್ನೊಂದು. ರೂತಕ್ಕ ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದಳು. ಸಾಕ್ಷಿಯಣ್ಣ ಅವಳ ಕೈ ಹಿಡಿದುಕೊಂಡರು. ಅದೇ ಬಲಗೈಯಲ್ಲಿ. ನಾವೆಲ್ಲ ಗಾಡಿಯಲ್ಲಿ ಕೂತು ನೋಡುತ್ತಿದ್ದೆವು.

“ಮಧ್ಯಾಹ್ನದಾಗ ಕೂಟ ಮುಗೀತೈತಿ. ಅಲ್ಲಿಂದ ಸೀದಾ ಕೊಟ್ಟೂರಿಗೆ ಗಾಡಿ ತಿರುಗಿಸೋಣು. ಫೋಟೋ ಹಾಕ್ಯಾರ ರೂತ್. ನೀ ಬರಲಿಲ್ಲ ಅಂದ್ರ ಜನ ನನ್ನ ಸುಳ್ಳುಗಾರ ಅಂತಾರ.”

ಆ ಮಾತಿಗೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ರೂತಕ್ಕ ಅವರ ಮುಖ ನೋಡಿದಳು. ಆಮೇಲೆ ಗಾಡಿ ಹತ್ತಿದಳು. ಯಾಕೆ ಹತ್ತಿದಿ ಎಂದು ಎಷ್ಟೋ ದಿನಗಳ ನಂತರ ಕೇಳಿದ್ದೆ. “ಜಲ್ಮದಾಗ ಏನೂ ಕೇಳಿರಲಿಲ್ರೀ ಆ ಮನುಷ್ಯಾ. ಕೇಳಿದ್ರಲ್ಲ ಅಂತ” ಎಂದಳು.

ಹಡಗಲಿಯಲ್ಲಿ ಹೆಂಗಸರಿಗೆಲ್ಲ ಬಾಗಿಲಲ್ಲೇ ಮಲ್ಲಿಗೆ ಮಾಲೆ ಕೊಟ್ಟರು. ಕೂಟ ಎಂದಿನಂತೆ ಮಧ್ಯಾಹ್ನ ದಾಟಿ ಎಳೆದುಕೊಂಡು ಹೋಯಿತು. ಸಾಕ್ಷಿಯಣ್ಣ ಅಂದು ತಮ್ಮ ಎಲ್ಲ ಪಾಪಗಳನ್ನೂ ಒಟ್ಟಿಗೆ ಬಡಿಸಿದರು. ಕೊನೆಗೆ ರೂತಕ್ಕನನ್ನು ವೇದಿಕೆಗೆ ಹತ್ತಿಸಿದರು. ಮುಖ್ಯ ಪ್ರಸಂಗಿಗಳು ಮೈಕನ್ನು ಅವಳ ಬಾಯಿಗೆ ಹಿಡಿದು, “ಅಮ್ಮಾ, ಈ ಸಹೋದರರು ನಿಮಗೆ ಮಾಡಿದ ಅನ್ಯಾಯವನ್ನೆಲ್ಲ ನೀವು ಕ್ಷಮಿಸಿದ್ದೀರಾ?” ಎಂದು ಕೇಳಿದರು. ಮಲ್ಲಿಗೆ ಅವಳ ಮುಷ್ಟಿಯಲ್ಲಿತ್ತು. ಅವಳು ಜನರನ್ನು ನೋಡಿದಳು, ಗಂಡನನ್ನು ನೋಡಿದಳು. ಬೇಗ ಮುಗಿದರೆ ಸಾಕು ಎಂಬಂತೆ “ಹೂಂ” ಎಂದಳು. ಚಪ್ಪರ ಎದ್ದು ಕುಣಿಯಿತು.

ದೀಪ ಹಚ್ಚುವ ಹೊತ್ತಿಗೆ ನಾವು ಕೊಟ್ಟೂರು ಮುಟ್ಟಿದಾಗ ಅವ್ವನನ್ನು ನೆಲಕ್ಕೆ ಇಳಿಸಿಯಾಗಿತ್ತು. ಮಧ್ಯಾಹ್ನವೇ ಹೋಯಿತು ಜೀವ, ಕೊನೆಯತನಕ ಬಾಗಿಲು ನೋಡುತ್ತಿದ್ದಳು ಎಂದರು. ರೂತಕ್ಕ ಮುಷ್ಟಿ ಬಿಡಿಸಿ, ಬಾಡಿದ ಮಲ್ಲಿಗೆಯನ್ನು ಅವ್ವನ ಪಾದದ ಹತ್ತಿರ ಇಟ್ಟಳು. ಅಳಲಿಲ್ಲ. ಸಾಕ್ಷಿಯಣ್ಣ ಬಾಗಿಲ ಹೊರಗೇ ನಿಂತಿದ್ದರು. ಒಳಗೆ ಬರ್ರಿ ಎಂದರೂ ಬರಲಿಲ್ಲ.

ಅಂದಿನಿಂದ ಅವರ ಬಾಯಿ ಕಟ್ಟಿತು. ಕೊನೆಗೂ ಒಂದು ನಿಜವಾದ ಪಾಪ ಸಿಕ್ಕಿತ್ತು, ಅದನ್ನು ಹೇಳಲು ಮಾತು ಸಿಗಲಿಲ್ಲ. ಕರೆಯಲು ಬಂದವರಿಗೆಲ್ಲ ಗಂಟಲು ನೋವು ಎಂದರು. ಸಾಕ್ಷಿಯಣ್ಣ ವಿಶ್ವಾಸದಿಂದ ಹಿಂಜರಿದಿದ್ದಾರೆ ಎಂದು ಸಭೆಯಲ್ಲಿ ಗುಸುಗುಸು ಎದ್ದಿತು; ಅವರಿಗಾಗಿ ಒಂದು ಉಪವಾಸ ಪ್ರಾರ್ಥನೆಯನ್ನೂ ಇಟ್ಟರು. ಸುಳ್ಳು ಹೇಳುವಾಗ ಯಾರೂ ಅವರಿಗಾಗಿ ಉಪವಾಸ ಮಾಡಿರಲಿಲ್ಲ.

ಒಂದು ಭಾನುವಾರ ತಾವಾಗಿಯೇ ಎದ್ದರು. ಜನ ಮೊಬೈಲು ತೆಗೆದು ರೆಕಾರ್ಡಿಗೆ ಹಿಡಿದರು. ಅವರು ಮೈಕು ಬಡಿಯಲಿಲ್ಲ. “ನಾನು ಕುಡಿದಿಲ್ಲ. ಇಸ್ಪೀಟು ಆಡಿಲ್ಲ. ನನ್ನ ಹತ್ತಿರ ಚಾಕು ಇರಲಿಲ್ಲ. ನನ್ನ ಹೆಂಡತಿಯನ್ನು ಒಮ್ಮೆಯೂ ಹೊಡೆದಿಲ್ಲ” ಎಂದರು. ಸಭೆ ದಂಗಾಯಿತು. ಮುಂದಿನ ಮಾತಿಗೆ ಅವರು ಉಸಿರು ತೆಗೆದುಕೊಳ್ಳುತ್ತಿದ್ದರು. ಕೊಟ್ಟೂರಿನ ಮಾತು ಬರುವುದಿತ್ತು ಎಂದು ನನಗೆ ಗೊತ್ತು. ಅಷ್ಟರಲ್ಲಿ ನಮ್ಮ ಹೊಸ ಪಾಸ್ಟರು, ಉತ್ಸಾಹಿ ತರುಣರು, ಜಿಗಿದೆದ್ದು ಕೂಗಿದರು: “ನೋಡಿದಿರಾ ಪ್ರಿಯರೇ! ದೇವರು ಕ್ಷಮಿಸುವುದು ಅಂದರೆ ಇದು! ಇವರ ಪಾಪವನ್ನು ಇವರ ನೆನಪಿನಿಂದಲೇ ಅಳಿಸಿಬಿಟ್ಟಿದ್ದಾನೆ!” ಸ್ತೋತ್ರ, ಸ್ತೋತ್ರ, ಸ್ತೋತ್ರ. ಅವರ ಬಾಳಿನಲ್ಲೇ ಅಷ್ಟು ದೊಡ್ಡ ಸ್ತೋತ್ರ ಬಿದ್ದಿರಲಿಲ್ಲ. ಕೀಬೋರ್ಡಿನವನು ಹಾಡು ಶುರು ಮಾಡಿಬಿಟ್ಟ, ನಾನೂ ಹಾಡಬೇಕಾಯಿತು. ಅವರು ಮೈಕು ಕೈಯಲ್ಲಿ ಹಿಡಿದು, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದರು. ನನಗೆ ಅವತ್ತು ನಮ್ಮ ಸಭೆಯ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಪಾಸ್ಟರ ಮನೆಗೂ ಹೋಗಿ ಎಲ್ಲ ಬಿಡಿಸಿ ಹೇಳಿದರಂತೆ. “ದೇವರು ಕ್ಷಮಿಸಿದ್ದಾನೆ ಅಣ್ಣಾ, ಸಮಾಧಾನದಿಂದಿರಿ” ಎಂದು ಪಾಸ್ಟರು ತಲೆಯ ಮೇಲೆ ಕೈಯಿಟ್ಟರು. ಗೋಡೆಯ ಹತ್ತಿರ ನಿಂತು ಇವರು ನನಗೆ ಅಂದದ್ದು: “ಟೀಚರ್, ಆತ ಕ್ಷಮಿಸತಾನ, ನನಗ ಗೊತ್ತೈತಿ. ಆತಗ ಅದ ಕೆಲಸ. ಕೊಟ್ಟೂರಾಗ ಬಾಗಿಲು ನೋಡ್ತಾ ಹೋದಾಕಿ ದೇವರವ್ವ ಅಲ್ಲಲ್ರೀ, ಈಕೀ ಅವ್ವ.”

“ಹಂಗಾರ ಈಕೀನ್ನ ಕೇಳ್ರಿ.”

ಕೇಳಲು ಅವರಿಗೆ ಬಹಳ ಕಾಲ ಬೇಕಾಯಿತು. ಅಷ್ಟರಲ್ಲಿ ನಿವೃತ್ತಿಯಾಯಿತು, ಎದೆನೋವು ಶುರುವಾಯಿತು. ಒಂದು ದಿನ ರೂತಕ್ಕ ಮಷಿನ್ನಿಗೆ ಕೂತಿದ್ದಾಗ ಎದುರಿಗೆ ಬಂದು ನಿಂತು, ಎಮ್ಮೆಗೆ ಹೇಳುತ್ತಿದ್ದ ಅದೇ ದನಿಯಲ್ಲಿ “ತಪ್ಪಾತವ್ವಾ” ಎಂದರಂತೆ. ಬೇರೆ ಮಾತು ಅವರಿಗೆ ಬರುತ್ತಿರಲಿಲ್ಲ. ಇವಳು ತಲೆಯೆತ್ತಲಿಲ್ಲ, ಮಷಿನ್ ತುಳಿಯುತ್ತಲೇ ಇದ್ದಳು. ಅವರು ಸ್ವಲ್ಪ ಹೊತ್ತು ನಿಂತು ಹೊರಗೆ ಹೋದರು. ಮಾರನೆಯ ದಿನವೂ ಬಂದು ನಿಂತರು, ಆಮೇಲೂ ಬಂದು ನಿಂತರು. ಹೇಳಿದ್ದನ್ನು ಮತ್ತೆ ಹೇಳಲಿಲ್ಲ, ಸುಮ್ಮನೆ ಕಾದರು. “ಹೇಳಬೇಕು ಅಂತಿದ್ದೆ” ಎಂದು ರೂತಕ್ಕ ನನ್ನ ಮುಂದೆ ಒಮ್ಮೆ ಅಂದಳು. “ನಾಲಿಗಿ ತುದಿಗೆ ಬರತಿತ್ತು. ಹಡಗಲ್ಯಾಗ ಮೈಕಿನ ಮುಂದ ಹೇಳಿದ್ದು ನೆನಪಾಗಿ ಹಿಂದ ಹೋಗತಿತ್ತು.” ಹೋದ ತಿಂಗಳು ಒಂದು ಮುಂಜಾನೆ ಅವರು ಏಳಲಿಲ್ಲ.

ಇನ್ನು ಆ ಫ್ಲೆಕ್ಸಿನ ಹತ್ತಿರ ಬರೋಣ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯಿಂದ ಜನ ಬಂದಿದ್ದರು. ಬ್ರಾಂದಿ ಕಲಿಸಿದ ಆಟೋ ಡ್ರೈವರು ಮಗುವಿನಂತೆ ಅಳುತ್ತಿದ್ದ. ಹೊರಗೆ ಸ್ವಾಮೇರು ವಿಭೂತಿ ಹಚ್ಚಿಕೊಂಡು ಚಪ್ಪಲಿ ಬಿಟ್ಟು ನಿಂತಿದ್ದರು. ಪ್ರತಿ ಊರಿನವರೂ ತಮ್ಮ ಪಾಲಿಗೆ ಬಂದ ಪಾಪವನ್ನು ನೆನೆದು, ಅದನ್ನು ಕ್ಷಮಿಸಿದ ದೇವರನ್ನು ಕೊಂಡಾಡಿದರು. ಕೊನೆಗೆ ಪಾಸ್ಟರು, “ಒಂದು ಕಾಲಕ್ಕೆ ಹೆಂಡತಿಯನ್ನು ಬಡಿದ ಇದೇ ಕೈ ಇವತ್ತು...” ಎಂದು ಶುರು ಮಾಡಿದರು.

ರೂತಕ್ಕ ಎದ್ದಳು. ಪೆಟ್ಟಿಗೆಯ ಪಕ್ಕ ಕೂತ ವಿಧವೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅವಳು ಪಾಸ್ಟರ ಕೈಯಿಂದ ಮೈಕು ತೆಗೆದುಕೊಂಡಳು, ಅವರೂ ಗಾಬರಿಯಲ್ಲಿ ಕೊಟ್ಟುಬಿಟ್ಟರು.

“ಈ ಕೈ ನನ್ನ ಮ್ಯಾಲೆ ಎಂದೂ ಎದ್ದಿಲ್ಲ. ಈ ಕೈ ಒಂದು ಇರುವಿ ಹೊಸಕಿಲ್ಲ. ಆ ಫ್ಲೆಕ್ಸ್ ಇಳಿಸ್ರಿ. ಇವರು ಮಾಡಿದ್ದು ಒಂದ ತಪ್ಪು. ನಮ್ಮವ್ವ ಸಾಯಾಕತ್ತಾಗ ನನ್ನ ಹಡಗಲಿಗೆ ಒಯ್ದು ನಿಂದರಿಸಿದ್ರು. ಅಲ್ಲಿ ನಿಮ್ಮ ಮುಂದ ಕ್ಷಮಿಸೀರೇನು ಅಂದದ್ದಕ್ಕ ಹೂಂ ಅಂದೆ. ಅದು ಮಾಡಲಾರದ್ದಕ್ಕ ಅಂದದ್ದು. ಮಾಡಿದ್ದಕ್ಕ ಇವರು ಬಂದು ಕೇಳಿದ್ರು. ನಾನು ಮಷಿನ್ ತುಳಕೋಂತ ಕುಂತೆ.”

ಯಾರೂ ಸ್ತೋತ್ರ ಅನ್ನಲಿಲ್ಲ. ಒಬ್ಬ ಹಿರಿಯರು ಹೋಗಿ ಫ್ಲೆಕ್ಸಿನ ಒಂದು ಮೂಲೆಯ ದಾರ ಬಿಚ್ಚಿದರು, ಅದು ಜೋತುಬಿತ್ತು. ರೂತಕ್ಕ ಮೈಕನ್ನು ಪಾಸ್ಟರಿಗೆ ವಾಪಸು ಕೊಟ್ಟಳು. ಎಲ್ಲರೂ ಮುಗಿಯಿತೆಂದುಕೊಂಡರು, ಕೀಬೋರ್ಡಿನವನು ಹಾಡಿಗೆ ಬೆರಳಿಟ್ಟ. ಅವಳು ಪೆಟ್ಟಿಗೆಯ ಮೇಲೆ ಬಾಗಿದಳು. ಅವಳು ಬೀಳದಿರಲೆಂದು ನಾನು ತೋಳು ಹಿಡಿದಿದ್ದೆ, ಹಾಗಾಗಿ ನನಗೊಬ್ಬಳಿಗೆ ಕೇಳಿಸಿತು. ಗಂಡನ ಕಿವಿಯ ಹತ್ತಿರ ಬಾಯಿಟ್ಟು, ಮೈಕಿಲ್ಲದೆ, “ಹೂಂ” ಎಂದಳು.